ಹಂಸಕ್ಕೆ ದಿನಕ್ಕೆರಡು ಸಲ

೧೨ ಫೆಬ್ರವರಿ ೨೦೦೬, ಭಾನುವಾರ

ಕಂಪನಿಯವರು ಮುಂಬಯಿಯಿಂದ ಕರೆಸಿದ್ದ ತರಬೇತುದಾರರು ನಮಗೆಲ್ಲ ಒಂದೊಂದು ಡೈರಿ ಕೊಟ್ಟು ಹೋಗಿದ್ದಾರೆ. ದಿನಕ್ಕೆ ಮೂರು ಗೆಲುವುಗಳನ್ನು ಬರೆಯಬೇಕು, ಯಾರಿಗೂ ತೋರಿಸಬಾರದು, ಸೋಲುಗಳನ್ನು ಬರೆಯುವ ಅಗತ್ಯವಿಲ್ಲ ಎಂದಿದ್ದಾರೆ. ಔಷಧ ಮಾರುವವನು ಮೊದಲು ತನ್ನ ಮೇಲೆ ತಾನು ನಂಬಿಕೆ ಇಡಬೇಕಂತೆ. ಪೂರ್ತಿಯಾಗಿ ಒಪ್ಪುತ್ತೇನೆ.

ಗೆಲುವು ಒಂದು: ಮೂರು ವರ್ಷದಿಂದ ನನ್ನನ್ನು ಕಂಡರೆ ಹಿಂಬಾಗಿಲಿನಿಂದ ಹೊರಟುಹೋಗುತ್ತಿದ್ದ ಮಕ್ಕಳ ಡಾಕ್ಟರೊಬ್ಬರನ್ನು ಈ ವಾರ ಹಿಂಬಾಗಿಲಲ್ಲೇ ಕಾದು ಹಿಡಿದೆ. ನಮ್ಮ ಕವಚೋವಿಟ್ ಟಾನಿಕ್ ಬರೆಯಲು ಒಪ್ಪಿದ್ದಾರೆ. ಎರಡು: ನನ್ನ ಕೈಕೆಳಗಿನ ಹದಿನಾಲ್ಕು ಪ್ರತಿನಿಧಿಗಳಿಗೆ, ಬೇಡ ಎನ್ನುವ ಬಾಯಿಂದ ಬೇಕು ಎನ್ನಿಸುವುದು ಹೇಗೆ ಎಂದು ತಮಿಳಿನಲ್ಲಿ ಮುಕ್ಕಾಲು ಗಂಟೆ ಉಪನ್ಯಾಸ ಕೊಟ್ಟೆ. ಮಂಡ್ಯದವನ ತಮಿಳಿಗೆ ಯಾರೂ ನಗಲಿಲ್ಲ. ಮೂರು: ಕೆಳಮನೆಯ ಬಾತುಕೋಳಿ ನನ್ನ ಹೊಸ ಶೂ ಮೇಲೆ ಹಿಕ್ಕೆ ಹಾಕಿದಾಗಲೂ ನನ್ನ ಮುಗುಳ್ನಗೆ ಮಾಸಲಿಲ್ಲ.

ಬಾತುಕೋಳಿ ಮನೆ ಒಡತಿ ಗೋದಾಬಾಯಿಯವರದು. ಅವರ ಮನೆತನ ನಾಲ್ಕು ತಲೆಮಾರಿನಿಂದ ಮದರಾಸಿನಲ್ಲಿದೆ. ತಮಿಳು ಬೆರೆತ ಅವರ ಕನ್ನಡದಲ್ಲಿ ಏನು ಎನ್ನುವುದು ಎನ್ನ, ಪಾಪ ಎನ್ನುವುದು ಪಾವಂ, ಭಯ ಎನ್ನುವುದು ಪಯ. ಕಳೆದ ನವೆಂಬರಿನ ಮಳೆಗೆ ವೇಲಚೇರಿಯಲ್ಲಿ ಅವರ ತಮ್ಮನ ಫ್ಲ್ಯಾಟಿನ ಕಾರು ನಿಲ್ಲಿಸುವ ಜಾಗಕ್ಕೆ ನೀರು ನುಗ್ಗಿದಾಗ ಇದು ತೇಲಿಕೊಂಡು ಬಂತಂತೆ. ಕೇಳಿಕೊಂಡು ಯಾರೂ ಬರದಿದ್ದುದರಿಂದ ಅಡ್ಯಾರಿಗೆ ತಂದುಕೊಂಡರು. ಬಾತುಕೋಳಿ ಎನ್ನುವಲ್ಲಿ ಕೋಳಿ ಇರುವುದರಿಂದ ಆ ಪದ ಆ ಮನೆಯಲ್ಲಿ ನಿಷಿದ್ಧ. ಅದನ್ನು ಹಂಸ ಎನ್ನಬೇಕು. "ನಮ್ಮ ಗುರುಪರಂಪರೆ ಶುರುವಾಗೋದೇ ಹಂಸನಾಮಕ ಪರಮಾತ್ಮನಿಂದಪ್ಪಾ" ಎಂದು ಅವರು ನನಗೆ ವಿವರಿಸಿದ್ದಾರೆ. ಹಂಸ ಆಗ ಬಚ್ಚಲ ನೀರಿನಲ್ಲಿ ಎರೆಹುಳು ಹುಡುಕುತ್ತಿತ್ತು.

೧೫ ಫೆಬ್ರವರಿ, ಬುಧವಾರ

ಹಂಸ ಕುಂಟುತ್ತಿದೆ. ಅದನ್ನು ಹಿಡಿದು ನೋಡಲು ಹೋಗಿ ಗೋದಾಬಾಯಿ ಬಾವಿಕಟ್ಟೆಯ ಪಾಚಿಯ ಮೇಲೆ ಜಾರಿ, ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಾರೆ. ಪ್ಲಾಸ್ಟರ್ ಹಾಕಿದ್ದಾರೆ. ಅಡುಗೆಯವಳು ರಮಾಬಾಯಿ ಅದನ್ನು ಮುಟ್ಟುವುದಿಲ್ಲ. ಹಂಸವೇ ಆಗಿರಲಿ, ಮಡಿ ಮಡಿಯೇ.

ನನ್ನ ಮಗಳು ಗಗನಾಳಿಗೆ ಒಂಬತ್ತು ವರ್ಷ. ಶಾಲೆಯಿಂದ ಬಂದವಳೇ ಅದರ ಪಕ್ಕ ಕೂತುಬಿಟ್ಟಿದ್ದಾಳೆ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ, ಇಂಗ್ಲಿಷಿನಲ್ಲಿ ಕೇಳಿದರೆ ತಮಿಳಿನಲ್ಲಿ. ಈಚೆಗೆ ಏನು ಕೇಳಿದರೂ ಭುಜ ಹಾರಿಸುತ್ತಾಳೆ. ಈ ಹೊತ್ತು ಮಾತ್ರ ತಾನಾಗಿ, "ಅಪ್ಪಾ, ಯೂ ಆರ್ ಇನ್ ಮೆಡಿಸಿನ್ಸ್, ನೋ?" ಎಂದಳು.

ಹೌದು, ನಾನು ಇರುವುದೇ ಮೆಡಿಸಿನ್ಸಿನಲ್ಲಿ. ನಾಳೆ ಕರೆದುಕೊಂಡು ಹೋಗೋಣ ಎಂದೆ. ಮನೆ ಒಡತಿಯ ಪ್ರೀತಿ ಗಳಿಸುವುದು ದೂರದೃಷ್ಟಿಯ ಹೂಡಿಕೆ. ಇಂದಿನ ಗೆಲುವು ಇಷ್ಟೇ, ಆದರೆ ದೊಡ್ಡದು.

೧೬ ಫೆಬ್ರವರಿ, ಗುರುವಾರ

ಪಶುವೈದ್ಯೆ ಡಾಕ್ಟರ್ ಕಲಾವತಿ ಹೊಸೂರಿನ ಕಡೆಯವರು, ಕನ್ನಡ ಬರುತ್ತದೆ. ಪಾದದಡಿ ಗಾಯವಾಗಿ ಕೀವು ತುಂಬಿದೆಯಂತೆ. ಕೀವು ತೆಗೆದು ಪಟ್ಟಿ ಕಟ್ಟಿದರು. ಹಂಸವನ್ನು ತೂಗಿ, ಲೆಕ್ಕ ಹಾಕಿ, ಹನ್ನೆರಡು ದಿನ, ಬೆಳಿಗ್ಗೆ ಏಳು, ಸಂಜೆ ಏಳು, ಸೂಜಿಯಿಲ್ಲದ ಸಿರಿಂಜಿನಲ್ಲಿ ಅರ್ಧ ಎಂ.ಎಲ್. ಔಷಧಿ ಎಂದು ಬರೆದುಕೊಟ್ಟರು. ಕುಡಿಸುವ ವಿಧಾನ ಹೇಳಲು ಹೊರಟಾಗ ನಾನು ನಯವಾಗಿ ತಡೆದೆ.

"ಮೇಡಂ, ನಾನು ಹತ್ತೊಂಬತ್ತು ವರ್ಷದಿಂದ ಇದೇ ಲೈನಿನಲ್ಲಿದ್ದೇನೆ."

"ಮಾರೋ ಲೈನಾ, ಕುಡಿಸೋ ಲೈನಾ?" ಎಂದರು.

ಸಂಜೆ ಏಳಕ್ಕೆ ಗಗನಾ ಟವೆಲ್ ಹಿಡಿದಳು. ಅರ್ಧ ಎಂ.ಎಲ್. ನನ್ನ ಕನ್ನಡಕದ ಮೇಲೆ ಬಿತ್ತು. ಇನ್ನರ್ಧ ತೆಗೆದೆ. ಅದು ಟೈ ಮೇಲೆ. ಆಗಷ್ಟೇ ಕೆಲಸದಿಂದ ಬಂದಿದ್ದ ನನ್ನ ಹೆಂಡತಿ ಜಯಶೀಲ ಬಾಲ್ಕನಿಯಿಂದ ಕೂಗಿದಳು: "ರೀ, ಟೈ ಬಿಚ್ಚಿಟ್ಟಾದ್ರೂ ಹೋಗ್ಬಾರ್ದಿತ್ತಾ? ಅದೇನು ಡಾಕ್ಟ್ರಾ ನಿಮ್ಮ ಟೈ ನೋಡಿ ಒಪ್ಕೊಳ್ಳೋಕೆ?"

೧೭ ಫೆಬ್ರವರಿ, ಶುಕ್ರವಾರ

ತಂತ್ರ ಒಂದು: ಮೊಸರನ್ನದಲ್ಲಿ ಕಲೆಸಿದೆ. ಔಷಧಿ ತಾಗಿದ ಅಗುಳುಗಳನ್ನು ಮಾತ್ರ ಬಿಟ್ಟು ಉಳಿದದ್ದನ್ನು ತಿಂದಿತು. ತಂತ್ರ ಎರಡು: ದಂಟಿನ ಸೊಪ್ಪಿನಲ್ಲಿ ಸುತ್ತಿದೆ. ಸೊಪ್ಪನ್ನು ಬಿಚ್ಚಿ ನೀರಿನ ಬೋಗುಣಿಯಲ್ಲಿ ಜಾಲಿಸಿ ತಿಂದಿತು. ತಂತ್ರ ಮೂರು: ಕವಚೋವಿಟ್‌ನ ಮಾವಿನ ರುಚಿಯಲ್ಲಿ ಬೆರೆಸಿದೆ. ಕೊಕ್ಕು ಇಟ್ಟು, ತೆಗೆದು, ತಲೆ ಕೊಡವಿ, ದೂರ ಹೋಗಿ ಕೂತಿತು. ಮಾರುಕಟ್ಟೆ ಸಮೀಕ್ಷೆಯಲ್ಲಿ ಈ ರುಚಿಗೆ ನೂರಕ್ಕೆ ತೊಂಬತ್ತಾರು ಮಕ್ಕಳು ಮೆಚ್ಚುಗೆ ಸೂಚಿಸಿದ್ದರು.

ಗೆಲುವುಗಳು: ಸಂಜೆಯ ಔಷಧಿಯಲ್ಲಿ ಅರ್ಧದಷ್ಟಾದರೂ ಅದರ ಹೊಟ್ಟೆಗೆ ಹೋಗಿರಬಹುದು.

೧೮ ಫೆಬ್ರವರಿ, ಶನಿವಾರ

ಬೆಳಿಗ್ಗೆ ತಡವಾಗಿತ್ತು. ಗಗನಾಳಿಗೆ ಗಟ್ಟಿಯಾಗಿ ಹಿಡಿ ಎಂದೆ. ಕೊಕ್ಕು ಬಿಡಿಸಿ, ಕತ್ತು ಹಿಂದಕ್ಕೆ ಎತ್ತಿ, ಸಿರಿಂಜನ್ನು ಗಂಟಲೊಳಗಿಟ್ಟು ಒಂದೇ ಸಲಕ್ಕೆ ಒತ್ತಿದೆ. ಹಂಸ ಸದ್ದೇ ಮಾಡಲಿಲ್ಲ. ಬಾಯಿ ತೆರೆದೇ ಇತ್ತು. ಕತ್ತು ಚಾಚಿ ಚಾಚಿ ಉಸಿರು ಹುಡುಕಿತು. ರೆಕ್ಕೆ ಸಡಿಲಬಿಟ್ಟು ನನ್ನ ಮೊಣಕೈ ಮೇಲೆ ಒರಗಿತು. ಗೋದಾಬಾಯಿ ಎಡಗೈಯಲ್ಲಿ ಅದರ ಬೆನ್ನು ಸವರುತ್ತ "ಹರೇ ಶ್ರೀನಿವಾಸಾ, ಹರೇ ಶ್ರೀನಿವಾಸಾ" ಎನ್ನುತ್ತಿದ್ದರು. ಎಷ್ಟು ಹೊತ್ತು ಹಾಗೇ ಇತ್ತೋ. ಆಮೇಲೆ ಕೆಮ್ಮಿದಂತೆ ಮಾಡಿ ಒಂದಿಷ್ಟು ನೊರೆ ಉಗುಳಿತು, ಕಣ್ಣು ಬಿಟ್ಟಿತು.

ಗಗನಾ ಟವೆಲನ್ನು ನೆಲದ ಮೇಲೆ ಬಿಟ್ಟು ಮೇಲೆ ಹೋದಳು.

ಡಾಕ್ಟರಿಗೆ ಫೋನ್ ಮಾಡಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ, ಮೊದಲನೇ ದಿನ ನಾನು ಕೇಳಿಸಿಕೊಳ್ಳದಿದ್ದುದನ್ನೇ ನಿಧಾನವಾಗಿ ಹೇಳಿದರು. "ನಾಲಿಗೆ ಬುಡದಲ್ಲಿ ಒಂದು ತೂತು ಇರತ್ತೆ ಸರ್, ಅದು ಉಸಿರಾಟಕ್ಕೆ. ಅಲ್ಲಿಗೆ ಹೋದ್ರೆ ನೇರ ಶ್ವಾಸಕೋಶ. ಕೊಕ್ಕಿನ ಪಕ್ಕದಿಂದ ಕೊಡಿ. ಒಂದು ಹನಿ. ಅದು ನುಂಗಲಿ. ಆಮೇಲೆ ಇನ್ನೊಂದು ಹನಿ. ಕತ್ತು ಎತ್ತಬೇಡಿ. ನಿಮಗೆ ಅರ್ಜೆಂಟ್ ಇದ್ರೆ ಬೇರೆ ಯಾರಿಗಾದ್ರೂ ಕೊಡೋಕೆ ಹೇಳಿ."

ಬೇರೆ ಯಾರೂ ಇಲ್ಲ ಎಂದೆ.

ಮಹಾರಾಷ್ಟ್ರದಲ್ಲಿ ಕೋಳಿಗಳಿಗೆ ಹಕ್ಕಿಜ್ವರ ಬಂದಿದೆ ಎಂದು ಟಿವಿಯಲ್ಲಿ ಹೇಳುತ್ತಿದ್ದಾರೆ. ಇಂದು ಗೆಲುವು ಬರೆಯಲು ಆಗುತ್ತಿಲ್ಲ.

೨೦ ಫೆಬ್ರವರಿ, ಸೋಮವಾರ

ಅಪೂರ್ವ ದಿನ. ವಲಯ ಮ್ಯಾನೇಜರ್ ರಮೇಶ್ ತುರ್ತುಸಭೆ ಕರೆದು, "ದೇಶಕ್ಕೆ ದೇಶವೇ ಹೆದರಿದೆ. ನಾವು ಏನು ಮಾಡುತ್ತಿದ್ದೇವೆ?" ಎಂದು ಕೇಳಿದರು. ಎಲ್ಲರೂ ಮೇಜು ನೋಡುತ್ತಿದ್ದಾಗ ನಾನು ಎದ್ದು ನಿಂತೆ. ಹಕ್ಕಿಜ್ವರಕ್ಕೆ ನಮ್ಮಲ್ಲಿ ಔಷಧಿ ಇಲ್ಲ, ನಿಜ. ಆದರೆ ಹೆದರಿಕೆಗೆ ಇದೆ. ಕವಚೋವಿಟ್ ಜ್ವರ ಗುಣಪಡಿಸುತ್ತದೆ ಎಂದು ನಾವು ಎಲ್ಲೂ ಹೇಳುವುದು ಬೇಡ. ಮೇಲೆ ಹಕ್ಕಿಯ ಚಿತ್ರ, ಕೆಳಗೆ ಬಾಟಲಿಯ ಚಿತ್ರ; ಮಧ್ಯದ ದಾರಿಯನ್ನು ಜನ ತಾವೇ ನಡೆದುಕೊಳ್ಳುತ್ತಾರೆ. ಒಕ್ಕಣೆಯನ್ನೂ ಅಲ್ಲೇ ಹೇಳಿದೆ: "ಕೊಕ್ಕಿದ್ದಲ್ಲಿ ಅಪಾಯವಿದೆ. ನಿಮ್ಮ ಮಗುವಿನ ಕವಚ ಎಲ್ಲಿದೆ?"

ಚಪ್ಪಾಳೆ. ರಮೇಶ್ ನನ್ನ ಬೆನ್ನು ತಟ್ಟಿ, ಹೆಚ್ಚು ಮಾರಿದವರಿಗೆ ಕಂಪನಿ ಕೊಡುವ ಬ್ಯಾಂಕಾಕ್ ಪ್ರವಾಸಕ್ಕೆ ಪಾಸ್‌ಪೋರ್ಟ್ ಸಿದ್ಧವಿದೆಯೇ ಎಂದರು. ತಮಿಳು, ಇಂಗ್ಲಿಷ್ ಎರಡರಲ್ಲೂ ಬುಧವಾರದೊಳಗೆ ಅಚ್ಚಾಗಬೇಕು.

ಏಳಕ್ಕೆ ಮನೆಯಲ್ಲಿರಬೇಕಾದ್ದರಿಂದ ಕಾಫಿ ಬಿಟ್ಟು ಹೊರಟೆ.

೨೧ ಫೆಬ್ರವರಿ, ಮಂಗಳವಾರ

ಕುಡಿಯಿತು. ಪೂರ್ತಿ.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಟವೆಲಿನಲ್ಲಿ ರೆಕ್ಕೆ ಸುತ್ತಿ, ಎರಡು ಮಂಡಿಗಳ ನಡುವೆ ಇಟ್ಟುಕೊಳ್ಳಬೇಕು. ಬಿಗಿ ಹಿಡಿಯಬಾರದು. ಮೊದಲು ಸುಮ್ಮನೆ ಕೂತಿರಬೇಕು. ಅದರ ಎದೆ ಹೊಡೆದುಕೊಳ್ಳುವುದು ಮಂಡಿಗೆ ಗೊತ್ತಾಗುತ್ತದೆ. ಅದು ತಗ್ಗುವವರೆಗೆ ಏನೂ ಮಾಡಬಾರದು. ಆಮೇಲೆ ಕೊಕ್ಕಿನ ಪಕ್ಕದಿಂದ ಒಂದು ಹನಿ. ಗಂಟಲು ಆಡುತ್ತದೆ. ಇನ್ನೊಂದು. ಅರ್ಧ ಎಂ.ಎಲ್.ಗೆ ಹನ್ನೊಂದು ಹನಿ.

"ಕೊಂಚ ತಾಳ್ಮೆ ಇದ್ರೆ ಸಾಕಪ್ಪಾ, ಅದಾಗೇ ಕುಡಿಯತ್ತೆ, ಪಾವಂ" ಎಂದರು ಗೋದಾಬಾಯಿ. ಪಾವಂ ಎಂದದ್ದು ಹಂಸಕ್ಕೋ ನನಗೋ ಸ್ಪಷ್ಟವಾಗಲಿಲ್ಲ.

೨೩ ಫೆಬ್ರವರಿ, ಗುರುವಾರ

ಕರಪತ್ರ ಬಹಳ ಚೆನ್ನಾಗಿ ಬಂದಿದೆ. ಮಿರಿಮಿರಿ ಮಿಂಚುವ ಕಾಗದ. ಚಿತ್ರಕಾರನಿಗೆ ಕೋಳಿ ಸರಿಬರಲಿಲ್ಲವೆಂದು ಬಾತುಕೋಳಿ ಹಾಕಿದ್ದಾನೆ, ಕಣ್ಣು ಕೆಂಪಗೆ. ಪುರಸೈವಾಕ್ಕಂನಿಂದ ತಿರುವಾನ್ಮಿಯೂರಿನವರೆಗೆ ಔಷಧದಂಗಡಿಗಳಿಗೆಲ್ಲ ಹಂಚಿಸಿದೆ. ಒಂದೇ ದಿನದಲ್ಲಿ ಕವಚೋವಿಟ್ ದಾಸ್ತಾನು ಖಾಲಿ.

ನಿಜವಾದ ಬಾತಿನ ಕಣ್ಣು ಕೆಂಪಗಿರುವುದಿಲ್ಲ. ಕಂದು, ಸುತ್ತ ಸಣ್ಣಗೆ ಹಳದಿ. ಅಷ್ಟು ಹತ್ತಿರದಿಂದ ನೋಡಿದವರಿಗೆ ಗೊತ್ತು. ಇರಲಿ, ಕಲಾವಿದನಿಗೆ ಸ್ವಾತಂತ್ರ್ಯವಿರಬೇಕು.

ಪಟ್ಟಿ ಬದಲಾಯಿಸಿದೆವು. ಊತ ಇಳಿದಿದೆ. ಗಗನಾ ಒಂದು ಚಾರ್ಟು ಬರೆದು ಬಾವಿಯ ಕಂಬಕ್ಕೆ ಅಂಟಿಸಿದ್ದಾಳೆ. ಕೊಟ್ಟ ಪ್ರತಿ ಸಲಕ್ಕೂ ಒಂದು ಗೀಟು. ಈ ಸಂಜೆ ನನ್ನ ಪಕ್ಕ ಕಲ್ಲಿನ ಮೇಲೆ ಕೂತು, ಶಾಲೆಯಲ್ಲಿ ಮಾನ್ಯಾ ಎಂಬ ಹುಡುಗಿ ತನ್ನೊಂದಿಗೆ ಮಾತು ಬಿಟ್ಟಿದ್ದರ ಕಥೆಯನ್ನು ಮುಕ್ಕಾಲು ಗಂಟೆ ಹೇಳಿದಳು. ಅರ್ಧ ತಮಿಳು, ಅರ್ಧ ಕನ್ನಡ. ನಡುನಡುವೆ "ಗೊತ್ತಾಯ್ತಾಪ್ಪಾ?" ಎನ್ನುತ್ತಿದ್ದಳು. ಮೊಬೈಲು ಎರಡು ಸಲ ಬಡಿದುಕೊಂಡಿತು. ನನ್ನ ಎರಡು ಕೈಗಳೂ ಟವೆಲಿನಲ್ಲಿದ್ದುದರಿಂದ ತೆಗೆಯಲಾಗಲಿಲ್ಲ.

೨೪ ಫೆಬ್ರವರಿ, ಶುಕ್ರವಾರ

ಎರಡು ಸಲವೂ ಕುಡಿಯಿತು.

೨೫ ಫೆಬ್ರವರಿ, ಶನಿವಾರ

ರಸ್ತೆಯ ನಿವಾಸಿಗಳ ಸಂಘದ ಕಾರ್ಯದರ್ಶಿ ಮುರಳೀಧರ ಅವರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಗೇಟಿನ ಹೊರಗೆ ನಿಂತಿದ್ದರು. ಗೋದಾಬಾಯಿಯವರಿಗೆ ದೂರದ ನೆಂಟರೇ. ಸರ್ಕಾರಿ ಲೆಕ್ಕಪತ್ರ ಇಲಾಖೆಯಲ್ಲಿದ್ದು ನಿವೃತ್ತರಾದವರು. ಪತ್ರ ಬರೆಯುವುದರಲ್ಲಿ ಅಡ್ಯಾರಿನಲ್ಲೇ ಅವರನ್ನು ಮೀರಿಸುವವರಿಲ್ಲ.

"ಅತ್ತೆ, ನಿಮ್ಮನೆ ಬಾತು ಕಾಯಿಲೆ ಬಿದ್ದಿದೆ ಅಂತ ಕೇಳಿದೆ. ರಸ್ತೇಲಿ ಮಕ್ಕಳಿದಾವೆ. ಕಾರ್ಪೊರೇಷನ್‌ಗೆ ಬರೆದು ರೆಡಿಯಾಗಿಟ್ಟಿದೀನಿ. ನಾಳೆ ಬೆಳಿಗ್ಗೆ ನಿಮ್ಮ ಪೋರ್ಟಿಕೋದಲ್ಲೇ ಮೀಟಿಂಗು. ತೀರ್ಮಾನ ಆದ ಮೇಲೆ ಕಳಿಸಿಬಿಡ್ತೀನಿ. ಅವರು ಬಂದು ಎತ್ತಿಕೊಂಡು ಹೋಗ್ತಾರೆ."

"ಎತ್ತಿಕೊಂಡು ಹೋಗಿ ಎನ್ನ ಮಾಡ್ತಾರೆ?"

ಮುರಳೀಧರ ಕರವಸ್ತ್ರದ ಗಂಟು ಬಿಗಿ ಮಾಡಿಕೊಂಡರು. ಗೋದಾಬಾಯಿ ಒಳಗೆ ಹೋಗಿ ಡಾಕ್ಟರ್ ಕಲಾವತಿ ಬರೆದ ಚೀಟಿ ತಂದು ತೋರಿಸಿದರು: ಪಾದದ ಗಾಯ, ಬೇರೇನೂ ಇಲ್ಲ. ಮುರಳೀಧರ ಅದನ್ನು ತೋಳಳತೆ ದೂರದಲ್ಲಿ ಹಿಡಿದು ಓದಿ, "ಇದು ಬರೀ ಬಿಳಿ ಚೀಟಿ ಅತ್ತೆ" ಎಂದು, ಜೇಬಿನಿಂದ ಮಿರಿಮಿರಿ ಮಿಂಚುವ ಕಾಗದ ತೆಗೆದರು. "ಇದು ನೋಡಿ. ದೊಡ್ಡ ದೊಡ್ಡ ವಿಜ್ಞಾನಿಗಳು ಹೇಳಿರೋದು. ಕೊಕ್ಕಿದ್ದಲ್ಲಿ ಅಪಾಯವಿದೆ."

ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಮುದ್ರಣ ಚೆನ್ನಾಗಿ ಬಂದಿದೆ ಎಂಬುದೊಂದೇ ಮೊದಲು ಮನಸ್ಸಿಗೆ ಬಂದದ್ದು.

ಗಗನಾ ಊಟ ಮಾಡಲಿಲ್ಲ. ಜಯಶೀಲ ಕರಪತ್ರ ಓದಿ, ತಿರುಗಿಸಿ, ಹಿಂಬದಿ ಕಂಪನಿಯ ಹೆಸರು ನೋಡಿ, ನನ್ನ ತಟ್ಟೆಯ ಪಕ್ಕ ಇಟ್ಟಳು. "ನಿಮ್ದೇ ಅಲ್ವಾ ಈ ಮಾತು? ಸೋಮವಾರ ಬಂದು ನಂಗೆ ಹೇಳಿ ತೋರ್ಸಿದ್ರಿ." ಹೌದು ಎಂದೆ. ಅವಳು ಸಾರು ಬಡಿಸಿದಳು.

ಮಾರುಕಟ್ಟೆಯಲ್ಲಿ ಯಾವ ಸಂದೇಶ ಯಾರನ್ನು ತಲುಪುತ್ತದೆ ಎಂಬುದು ಬರೆದವನ ಕೈಯಲ್ಲಿರುವುದಿಲ್ಲ. ಅದಕ್ಕೆ ನಾನು ಹೊಣೆಯಲ್ಲ. ಇದನ್ನು ಬರೆದು ಮತ್ತೊಮ್ಮೆ ಓದಿಕೊಂಡೆ. ಸರಿಯಾಗಿಯೇ ಇದೆ. ಆದರೂ ಸಮಾಧಾನವಾಗುತ್ತಿಲ್ಲ.

೨೬ ಫೆಬ್ರವರಿ, ಭಾನುವಾರ

ಇದನ್ನು ಇದ್ದದ್ದು ಇದ್ದಂತೆ ಬರೆಯಬೇಕು.

ಆರೂವರೆಗೆಲ್ಲ ಹನ್ನೆರಡು ಜನ ಪೋರ್ಟಿಕೋದಲ್ಲಿ ಸೇರಿದ್ದರು. ಎಲ್ಲರ ಮೂಗಿಗೂ ಕರವಸ್ತ್ರ. ಹಂಸ ಹಿಂದೆ ಬಾವಿಯ ಹತ್ತಿರ ಬುಟ್ಟಿಯ ಕೆಳಗಿತ್ತು. ಗೋದಾಬಾಯಿ ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಮುರಳೀಧರ ಕರಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ತಾವೂ ತಮ್ಮ ಹೆಂಡತಿಯೂ ಮೂರು ದಿನದಿಂದ ಎರಡೆರಡು ಚಮಚ ಕವಚೋವಿಟ್ ಕುಡಿಯುತ್ತಿರುವುದಾಗಿಯೂ, ಈಗಾಗಲೇ ಮೈಯಲ್ಲಿ ಒಂದು ಬಗೆಯ ಧೈರ್ಯ ಬಂದಿರುವುದಾಗಿಯೂ ತಿಳಿಸಿದರು. ಕೈ ಎತ್ತಲು ಹೇಳಿದರು. ಕೈಗಳು ಎದ್ದವು.

ಆಗ ಗಗನಾ ಹಿತ್ತಲ ಕಡೆಯಿಂದ ಬಂದಳು. ತೋಳಿನಲ್ಲಿ ಟವೆಲ್ ಸುತ್ತಿದ ಹಂಸ, ಇನ್ನೊಂದು ಕೈಯಲ್ಲಿ ಸಿರಿಂಜು. ಹನ್ನೆರಡು ಜನರೂ ಗೋಡೆಗೆ ಒತ್ತಿಕೊಂಡರು.

"ಅಪ್ಪಾ, ಏಳು ಗಂಟೆ" ಎಂದಳು. ಕನ್ನಡದಲ್ಲಿ.

ಈಗಲ್ಲ ಎಂದು ಕಣ್ಣಲ್ಲೇ ಹೇಳಲು ನೋಡಿದೆ. ಅವಳು ನನ್ನನ್ನೇ ನೋಡುತ್ತ ನಿಂತಿದ್ದಳು. ನಾನು ಹೋಗಿ ಪೋರ್ಟಿಕೋದ ಮೆಟ್ಟಿಲ ಮೇಲೆ ಕೂತೆ. ಹಂಸವನ್ನು ಮಂಡಿಗಳ ನಡುವೆ ಇಟ್ಟುಕೊಂಡೆ. ಅದರ ಎದೆ ಬಹಳ ಜೋರಾಗಿ ಹೊಡೆದುಕೊಳ್ಳುತ್ತಿತ್ತು, ನನ್ನದೂ ಹಾಗೇ. ಕಾದೆ. ಯಾರೋ ಕೆಮ್ಮಿದರು, ಯಾರೋ ತಮಿಳಿನಲ್ಲಿ ಶ್ ಎಂದರು. ಆಮೇಲೆ ಒಂದು ಹನಿ, ಇನ್ನೊಂದು ಹನಿ. ಹನ್ನೊಂದೂ ಮುಗಿಸಿದೆ.

"ಬರಿಗೈಯಲ್ಲಿ ಮುಟ್ತಿದೀರಲ್ಲ ಮಿಸ್ಟರ್ ಮಂಜುನಾಥ್" ಎಂದರು ಮುರಳೀಧರ. "ಓದಲಿಲ್ವಾ ನೀವು ಇದನ್ನ?"

"ಓದುವುದೇನು ಸರ್, ನಾನೇ ಬರೆದದ್ದು."

ಅವರಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಬೇಕಾಯಿತು. ವಿಜ್ಞಾನಿಗಳು ಯಾರೂ ಇಲ್ಲ. ನಾನು ಬಿ.ಎಸ್‌ಸಿ., ಎರಡನೇ ದರ್ಜೆ. ಹಕ್ಕಿಜ್ವರ ಇರುವುದು ನಿಜ, ಅದಕ್ಕೆ ಸರ್ಕಾರದವರು ಹೇಳುವ ಎಚ್ಚರಿಕೆ ತೆಗೆದುಕೊಳ್ಳಬೇಕಾದ್ದೂ ನಿಜ. ಆದರೆ ಈ ಕಾಗದ ಎಚ್ಚರಿಕೆಗಾಗಿ ಬರೆದದ್ದಲ್ಲ, ಟಾನಿಕ್ ಖರ್ಚಾಗಲೆಂದು ಬರೆದದ್ದು. ಬಾತಿನ ಚಿತ್ರ ಹಾಕಿದ್ದು ಚಿತ್ರಕಾರನಿಗೆ ಕೋಳಿ ಬರೆಯಲು ಬಾರದೆ. ಡಾಕ್ಟರ ಬಿಳಿ ಚೀಟಿ ಇದೆಯಲ್ಲ, ಅದೊಂದೇ ಇಲ್ಲಿ ನಿಜವಾದ ಕಾಗದ.

"ಹಾಗಾದರೆ ಟಾನಿಕ್ಕು?"

"ಸಕ್ಕರೆ, ಬಣ್ಣ, ಮಾವಿನ ವಾಸನೆ. ಸ್ವಲ್ಪ ವಿಟಮಿನ್ನೂ ಇದೆ ಸರ್. ಕೆಟ್ಟದ್ದೇನಿಲ್ಲ."

ಮುರಳೀಧರ ನಿಧಾನವಾಗಿ ಕರವಸ್ತ್ರ ಬಿಚ್ಚಿದರು. "ನನಗೆ ಶುಗರ್ ಇದೆ" ಎಂದರು.

ಡಾಕ್ಟರ್ ಕಲಾವತಿಯವರಿಗೆ ಎಲ್ಲರ ಎದುರಿಗೇ ಫೋನ್ ಮಾಡಿದೆವು. ಅವರು ಹದಿನೈದು ನಿಮಿಷದಲ್ಲಿ ಸ್ಕೂಟರಿನಲ್ಲಿ ಬಂದು ಪಾದದ ಪಟ್ಟಿ ಬಿಚ್ಚಿ ತೋರಿಸಿದರು. ಕಾರ್ಪೊರೇಷನ್ನಿಗೆ ಬರೆದ ಪತ್ರವನ್ನು ಮುರಳೀಧರ ಮಡಿಸಿ ಜೇಬಿಗಿಟ್ಟುಕೊಂಡರು. ಹರಿಯಲಿಲ್ಲ, ಅವರು ತಾವು ಬರೆದದ್ದನ್ನು ಹರಿಯುವವರಲ್ಲ. ಹಂಸ ಗೋಡೆ ದಾಟಬಾರದು, ಮುಟ್ಟಿದವರು ಸೋಪು ಹಾಕಿ ಕೈ ತೊಳೆಯಬೇಕು ಎಂಬ ಎರಡು ನಿರ್ಣಯಗಳೊಂದಿಗೆ ಸಭೆ ಮುಗಿಯಿತು.

ಗೋದಾಬಾಯಿ ನನಗೆ ಕಾಫಿ ಕಳಿಸಿದರು, ಬೆಳ್ಳಿ ಲೋಟದಲ್ಲಿ.

೨ ಮಾರ್ಚ್, ಗುರುವಾರ

ಹನ್ನೆರಡು ದಿನ ಮುಗಿದರೂ ಗಾಯ ಪೂರ್ತಿ ಮಾಯದ್ದರಿಂದ ಔಷಧಿಯನ್ನು ಶನಿವಾರದವರೆಗೆ ಮುಂದುವರಿಸಲು ಡಾಕ್ಟರ್ ಹೇಳಿದ್ದಾರೆ.

ರಮೇಶ್ ಕರೆಸಿದ್ದರು. ಮೇಜಿನ ಮೇಲೆ ಮುರಳೀಧರ ಅವರ ಪತ್ರ, ಮೂರು ಪುಟ, ಐದು ಕಡೆಗೆ ಪ್ರತಿ. ದೂರಿನ ಪತ್ರವಲ್ಲ, ಮೆಚ್ಚುಗೆಯದು. ನಿಮ್ಮ ಮಂಜುನಾಥ್ ಅವರು ಹನ್ನೆರಡು ಜನ ಗಣ್ಯರೆದುರು ನಿಮ್ಮ ಟಾನಿಕ್ಕಿನಲ್ಲಿ ಸಕ್ಕರೆಯ ಹೊರತು ಹೆಚ್ಚೇನೂ ಇಲ್ಲವೆಂದು ಒಪ್ಪಿಕೊಂಡಿದ್ದಾರೆ, ಇಂಥ ಪ್ರಾಮಾಣಿಕ ಅಧಿಕಾರಿಗೆ ಬಡ್ತಿ ನೀಡಬೇಕೆಂದು ಸಂಘವು ಒಮ್ಮತದಿಂದ ಕೋರುತ್ತದೆ ಎಂದಿತ್ತು.

ರಮೇಶ್ ಕಣ್ಣು ಮುಚ್ಚಿ ಕೂತಿದ್ದರು. "ಯಾಕ್ರೀ?" ಎಂದು ಒಂದೇ ಮಾತು ಕೇಳಿದರು.

ಏಳು ಗಂಟೆಯಾಗಿತ್ತು ಸರ್ ಎಂದೆ. ಇನ್ನೂ ಒಳ್ಳೆಯ ಉತ್ತರ ಕೊಡಬಹುದಿತ್ತು.

ಬ್ಯಾಂಕಾಕ್ ಇಲ್ಲ. ಹದಿನಾಲ್ಕು ಪ್ರತಿನಿಧಿಗಳ ಏರಿಯಾ ಇಲ್ಲ. ಸೋಮವಾರದಿಂದ ನನ್ನನ್ನು ಪಶು ಔಷಧ ವಿಭಾಗಕ್ಕೆ ಹಾಕಿದ್ದಾರೆ. ಅದು ಮೆಟ್ಟಿಲ ಕೆಳಗಿನ ಒಂದು ಮೇಜು. ಹಕ್ಕಿಜ್ವರದ ಗದ್ದಲದಲ್ಲಿ ಅಲ್ಲಿ ಯಾವ ವ್ಯಾಪಾರವೂ ಇಲ್ಲ. ಹೊರಡುವ ಮುನ್ನ, ನಮ್ಮ ಔಷಧಿಗಳ ಜೊತೆ ಕುಡಿಸುವ ವಿಧಾನ ಬರೆದ ಕಾಗದ ಇಡುತ್ತೇವೆಯೇ ಎಂದು ಕೇಳಿದೆ. ಇಲ್ಲವಂತೆ. ಇಡಬೇಕು.

ಜಯಶೀಲಳಿಗೆ ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ. "ಇನ್ಮೇಲಾದ್ರೂ ಟೈ ಕಟ್ಟೋದು ತಪ್ತಲ್ಲ" ಎಂದಳು. ಸ್ವಲ್ಪ ಹೊತ್ತಾದ ಮೇಲೆ ಅಡುಗೆಮನೆಯಿಂದ ಬಂದು, "ಮನೆ ಹೆಂಗೋ ನಡೀತದೆ ಬಿಡ್ರಿ, ನಂದೂ ಕೆಲ್ಸ ಐತಲ್ಲ" ಎಂದು ಊರಿನ ಮಾತಿನಲ್ಲಿ ಹೇಳಿ ಒಳಗೆ ಹೋದಳು.

೪ ಮಾರ್ಚ್, ಶನಿವಾರ

ಕೊನೆಯ ಔಷಧಿ. ಹನ್ನೊಂದು ಹನಿ. ಚಾರ್ಟು ತುಂಬಿತು.

೫ ಮಾರ್ಚ್, ಭಾನುವಾರ

ಬೆಳಿಗ್ಗೆ ಆರೂ ಮುಕ್ಕಾಲಿಗೆ ಎಚ್ಚರವಾಗಿ ಕೆಳಗೆ ಹೋದೆ. ಮೆಟ್ಟಿಲಿಳಿದ ಮೇಲೆ, ಕೊಡಬೇಕಾದ್ದು ಏನೂ ಇಲ್ಲ ಎಂಬುದು ನೆನಪಾಯಿತು. ಆದರೂ ಹೋಗಿ ಕಲ್ಲಿನ ಮೇಲೆ ಕೂತೆ. ಹದಿನೇಳು ದಿನ ನನ್ನ ಮಂಡಿಗಳ ನಡುವೆ ಇದ್ದ ಜೀವ. ಒಮ್ಮೆ ಬಂದು ಪಕ್ಕದಲ್ಲಿ ನಿಲ್ಲಬಹುದು ಎಂದು ಒಳಗೊಳಗೇ ಅಂದುಕೊಂಡಿದ್ದೆನೋ ಏನೋ.

ಹಂಸ ಬಾಳೆಯ ಬುಡದಲ್ಲಿ ಕೆಸರು ಕೆದಕುತ್ತಿತ್ತು. ತಲೆ ಎತ್ತಿತು. ನನ್ನನ್ನು ನೋಡಿತು. ನೋಡಿದ್ದೇ ತಡ, ಕತ್ತು ಚಾಚಿ, ರೆಕ್ಕೆ ಬಿಚ್ಚಿ, ಅಂಗಳದ ಆ ತುದಿಯವರೆಗೆ ಕಿರುಚುತ್ತ ಓಡಿತು. ಎರಡೂ ಕಾಲನ್ನು ಊರಿ, ದಡದಡ ಸದ್ದು ಮಾಡುತ್ತ ಓಡಿತು.

ಗೋದಾಬಾಯಿ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. "ನಿನ್ನ ಕಂಡ್ರೆ ಪಯ, ಅದಕ್ಕೆ" ಎಂದರು, ನನಗೆ ಬೇಸರವಾದೀತು ಎಂಬ ಅನುಮಾನದಿಂದ.

"ಕುಂಟುತ್ತಿಲ್ಲ ನೋಡಿ ಅಮ್ಮ" ಎಂದೆ.

ಗಗನಾಳನ್ನು ಕೂಗಿ ಕರೆದೆ. ಅವಳು ಬಂದ ಮೇಲೆ, ಅವಳೂ ನೋಡಲೆಂದು, ಕಲ್ಲಿನಿಂದ ಎದ್ದು ಹಂಸದ ಕಡೆಗೆ ಎರಡು ಹೆಜ್ಜೆ ಇಟ್ಟೆ. ಅದು ಮತ್ತೆ ಓಡಿತು.